ಬೆಳ್ಳಿ ಹಾಕದ ಹೊಳಪು

ಈ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಮೊಹೆನ್‌ಗೆ ಮೊದಲ ದಿನವೇ ಅನ್ನಿಸಿತ್ತು.

ಮೇಜಿನ ಮೇಲೆ ಬಣ್ಣ ತುಂಬಿದ ಐದು ತೆಂಗಿನ ಚಿಪ್ಪುಗಳಿದ್ದವು. ಕಪ್ಪು, ಬಿಳಿ, ನೀಲಿ, ಕಂದು, ಮತ್ತೊಂದರಲ್ಲಿ ಒಣಗುತ್ತಾ ಬಂದ ಹಳದಿ. ಅವನು ಎರಡೆರಡು ಸಲ ಎಣಿಸಿದ.

“ಬೆಳ್ಳಿ ಬಣ್ಣ ಎಲ್ಲಿ, ಆಲಿಂಗ್ ಪಾಸಿಂಗ್?”

“ಬೇಕಾಗಿಲ್ಲ.”

“ಸ್ಟೀಲು ಬರೀಬೇಕು ಅಂದೆ ನಾನು.”

“ಕಿವಿ ಚೆನ್ನಾಗೇ ಕೇಳಿಸುತ್ತೆ ನನಗೆ. ಕೂತ್ಕೋ.”

ಪಾಸಿಂಗ್‌ಗೆ ಎಪ್ಪತ್ತೊಂದು; ಹಿರಿಯಳೆಂದು ಎಲ್ಲರೂ ಹೆಸರಿಗೆ ‘ಆಲಿಂಗ್’ ಸೇರಿಸಿ ಕರೆಯುತ್ತಿದ್ದರು. ಪಾಯೆತೆ ಊರಿನಲ್ಲಿ ಮರ ಕೆತ್ತುವವರು ಕೆತ್ತಿಕೊಟ್ಟ ಸಂತರಿಗೆ ಐವತ್ತು ವರ್ಷದಿಂದ ಬಣ್ಣ ಹಾಕುತ್ತಿದ್ದವಳು. ಅವಳ ಕೈಯ ಸಂತ ಮಿಗೆಲನ ಎದೆಗವಚ ನೋಡಿದವರು ಅದನ್ನು ಉಕ್ಕು ಎಂದೇ ತಿಳಿದು ಬೆರಳಿಂದ ತಟ್ಟಿ ನೋಡುತ್ತಿದ್ದರು. ಅಂಥವಳು ಕಲಿಸಲು ಹಣವನ್ನೇ ಕೇಳಲಿಲ್ಲ. ಅದೇ ಅವನಿಗೆ ಹಿಡಿಸಲಿಲ್ಲ. ಹಣದ ಬದಲು ಅವಳು ಕೇಳಿದ್ದು ಗೋಡೆಯ ಕಪಾಟಿಗೆ ಹೊಸ ಬಾಗಿಲು, ಕೀಲು, ಬೀಗದ ಕೊಂಡಿ. ಎಲ್ಲವನ್ನೂ ಅವನೇ ತಗಡಿನಲ್ಲಿ ಮಾಡಿ ಕೂರಿಸಿಕೊಟ್ಟ. ಅವನ ಕಣ್ಣೆದುರೇ ಅವಳು ಬೀಗ ಹಾಕಿ, ಕೀಲಿಕೈಯನ್ನು ಜಪಮಾಲೆಯ ಜೊತೆ ಕೊರಳಿಗೆ ಹಾಕಿಕೊಂಡಳು. ನನ್ನ ಕೈಯಿಂದಲೇ ನನಗೆ ಬಾಗಿಲು ಹಾಕಿಸಿದಳಲ್ಲ ಎಂದುಕೊಂಡ.

ಪಾಯೆತೆಯ ಸರೋವರದ ಆಚೆ ದಂಡೆಯ ಒಂದು ಶೆಡ್ಡಿನಲ್ಲಿ ಮೊಹೆನ್ ಇಪ್ಪತ್ತಾರು ವರ್ಷ ಜೀಪ್ನಿಗಳ, ಅಂದರೆ ಬಸ್ಸಿನಂತೆ ಜನ ಸಾಗಿಸುವ ಉದ್ದ ಜೀಪುಗಳ, ಮೈ ಕಟ್ಟಿದವನು. ಸ್ಟೀಲಿನ ಹಾಳೆಯನ್ನು ಬಡಿದು, ಬಗ್ಗಿಸಿ, ಮುಖ ಕಾಣುವವರೆಗೂ ಉಜ್ಜುವುದು ಅವನ ಕಸುಬು. ಹಳೆಯ ಜೀಪ್ನಿಗಳನ್ನು ರಸ್ತೆಯಿಂದ ತೆಗೆಯಬೇಕೆಂಬ ಆಜ್ಞೆ ಬಂದ ಮೇಲೆ ಶೆಡ್ಡು ಮುಚ್ಚಿತು. ಅವನು ಕಟ್ಟಿದ ಗಾಡಿಗಳು ಒಂದೊಂದಾಗಿ ಗುಜರಿ ಅಂಗಳ ಸೇರತೊಡಗಿದವು. ಚಾಲಕ ಡಿಯೊನ ಗಾಡಿಯ ಸರದಿ ತಿಂಗಳ ಕೊನೆಯ ಶುಕ್ರವಾರಕ್ಕೆ ಬಿದ್ದಿತ್ತು. ಅವತ್ತು ಬೆಳಿಗ್ಗೆ ಏಳೂವರೆಗೆ ಒಪ್ಪಿಸಬೇಕು, ಒಪ್ಪಿಸಿದ ಕೂಡಲೇ ಕತ್ತರಿಸುತ್ತಾರೆ.

“ಪಾರೆ,” ಎಂದಿದ್ದ ಡಿಯೊ. ಗೆಳೆಯನನ್ನು ಅವನು ಹಾಗೇ ಕರೆಯುತ್ತಿದ್ದದ್ದು. “ಅಂಗೈ ಮೇಲೆ ಕೂರೋ ಹಾಗೆ ಒಂದು ಮಾಡಿಕೊಡು. ಕಟ್ಟಿದವನು ನೀನು, ನೀನೇ ಮಾಡ್ಬೇಕು. ಆದ್ರೆ ಆಟಿಕೆ ಬೇಡ. ಆಟಿಕೆ ಸಂತೇಲೂ ಸಿಗುತ್ತೆ.”

ಮೊಹೆನ್ ಅದೇ ಜಾತಿಯ ಸ್ಟೀಲಿನ ಚೂರು ಹುಡುಕಿ, ಕತ್ತರಿಸಿ, ಬೆಸೆದು, ಒಂದು ಗೇಣುದ್ದದ ಗಾಡಿ ಮಾಡಿ ಒಯ್ದ. ಡಿಯೊ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಆ ಪುಟ್ಟ ಗಾಡಿಯ ಇಡೀ ಪಕ್ಕದಲ್ಲಿ ಡಿಯೊನ ಮೂಗು ಒಂದೇ ಕಾಣುತ್ತಿತ್ತು.

“ಬಿಸ್ಕತ್ತಿನ ಡಬ್ಬಿ ಥರ ಇದೆ, ಪಾರೆ.”

“ನಿಜವಾದ ಸ್ಟೀಲು ಕಣೋ ಅದು!”

“ಇರಬಹುದು. ನನ್ನ ಗಾಡಿ ಅಲ್ಲ.”

ಆ ಮಾತು ಮೊಹೆನ್‌ಗೆ ಮೊಳೆಯ ಹಾಗೆ ನಾಟಿತು. ಎಲ್ಲ ಗಾಡಿಗಳೂ ಹೋದ ಮೇಲೆ ತಾನು ಇಪ್ಪತ್ತಾರು ವರ್ಷ ಏನು ಮಾಡಿದೆ ಎಂದು ತೋರಿಸಲು ಅವನ ಬಳಿ ಉಳಿಯುವುದು ಅದೊಂದೇ ಆಗಿತ್ತು. ಅದನ್ನೂ ಡಬ್ಬಿ ಎಂದರೆ?

ಹಾಗಾಗಿ, ಬಣ್ಣದಲ್ಲೇ ಉಕ್ಕು ತೋರಿಸುವ ಪಾಸಿಂಗ್‌ಳ ಹೆಸರು ಕೇಳಿ, ಪಾಯೆತೆಗೆ ಬಂದ. ಮರದಲ್ಲಿ ಗಾಡಿ ಕೆತ್ತಿಸಿಕೊಂಡ. ಪಾಸಿಂಗ್ ಹೇಳಿದಂತೆ ಬೂದು ಬಳಿದ, ಅದರ ಮೇಲೆ ನೀಲಿ, ಕೆಳಗೆ ಕಂದು. ವಾರ ಕಳೆದರೂ ಅದು ಮಳೆಗೆ ನೆನೆದ ಮರದ ತುಂಡಿನಂತೆಯೇ ಕಾಣುತ್ತಿತ್ತು. ಅವಳ ಮಿಗೆಲ್ ಮಾತ್ರ ಮೂಲೆಯಲ್ಲಿ ಥಳಥಳಿಸುತ್ತಿದ್ದ. ದಿನಾ ಸಂಜೆ ಅವನನ್ನು ಕಳಿಸುವಾಗ ಅವಳಿಗೆ ಅವಸರ. ಅವನು ಮೆಟ್ಟಿಲಿಳಿಯುವ ಮೊದಲೇ ಕಪಾಟಿನ ಬೀಗ ಕಟಕ್ಕೆನ್ನುವುದು ಕೇಳಿಸುತ್ತಿತ್ತು. ನಾನು ಹೋದ ಮೇಲೆ ಒಳಗಿಂದ ಅದೇನನ್ನೋ ತೆಗೆದು ಮಿಗೆಲನಿಗೆ ಬಳಿಯುತ್ತಾಳೆ, ನನಗೆ ಕೆಸರು ಬಳಿಯಲು ಹೇಳಿಕೊಡುತ್ತಾಳೆ ಎಂದು ಅವನಿಗೆ ಖಾತ್ರಿಯಾಯಿತು.

ಮನೆಯಲ್ಲಿ ಹೆಂಡತಿ ಕಾರಿಂಗ್ ಅನ್ನಕ್ಕೆ ಒಣಮೀನು ಹಾಕುತ್ತಾ, “ಮುದುಕಿ ಮೇಲೂ ಅನುಮಾನ, ಬೇಕರಿಯವನ ಮೇಲೂ ಅನುಮಾನ. ನಮ್ಮ ಮದುವೆ ದಿನ ಉಂಗುರ ಕಚ್ಚಿ ನೋಡಿದ ಗಂಡಸು ನೀನು,” ಎಂದಳು.

“ಅದು ಹಿತ್ತಾಳೆ ಆಗಿತ್ತಲ್ಲ!”

“ಆಗಿತ್ತು. ಇಪ್ಪತ್ತೊಂಬತ್ತು ವರ್ಷ ನಡೀತಾ ಇಲ್ವಾ?”

ಮಂಗಳವಾರ ಮಧ್ಯಾಹ್ನ ಪಾಸಿಂಗ್ ಚರ್ಚಿಗೆ ಹೋದಳು. ಮೊಹೆನ್ ಕಪಾಟಿನೆದುರು ನಿಂತ. ಬೀಗ ಮುಟ್ಟುವ ಅಗತ್ಯವೇ ಇರಲಿಲ್ಲ. ಕೀಲುಗಳನ್ನು ಮಾಡಿದವನು ಅವನೇ. ಅವುಗಳ ಎರಡು ಸರಳುಗಳನ್ನು ಮೇಲಕ್ಕೆ ತಟ್ಟಿ ತೆಗೆದ, ಬಾಗಿಲು ಕೀಲಿನ ಬದಿಯಿಂದ ತೆರೆದುಕೊಂಡಿತು. ಒಳಗೆ ಬಟ್ಟೆ ಸುತ್ತಿದ ಕುಂಚಗಳು. ಅವುಗಳ ಹಿಂದೆ ಒಂದು ಗಾಜಿನ ಬಾಟಲಿ. ಅಲ್ಲಾಡಿಸಿದ. ಬೆಳ್ಳಿ!

ಸಿಕ್ಕಿಬಿದ್ದಳು ಎನ್ನುವ ಖುಷಿಯಲ್ಲಿ ಕುಂಚವೊಂದನ್ನು ಎಳೆದುಕೊಂಡ. ಗಾಡಿಯ ಮೈತುಂಬ ಬೆಳ್ಳಿ ಹೊಡೆದ. ಒಣಗಿತು. ಹೊಳಪು ಅಷ್ಟಕ್ಕಷ್ಟೆ. ಆಗ ಅವನು ಇಪ್ಪತ್ತಾರು ವರ್ಷ ಮಾಡಿದ್ದನ್ನೇ ಮಾಡಿದ. ಮಂಕಾದ ಸ್ಟೀಲಿಗೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚೀಲದಿಂದ ಹಸಿರು ಪಾಲಿಶ್ ಗಟ್ಟಿ ತೆಗೆದ, ಬಟ್ಟೆಗೆ ಸವರಿದ, ಉಜ್ಜತೊಡಗಿದ. ಉಜ್ಜಿದಷ್ಟೂ ಹೊಳೆಯಬೇಕು. ಉಜ್ಜಿದ. ಮೊದಲು ಬೆಳ್ಳಿ ಹೋಯಿತು, ಆಮೇಲೆ ನೀಲಿ, ಕಂದು, ಬೂದು. ಗಾಡಿಯ ಮೂತಿಯ ಮೇಲೆ ಮರ ಹಲ್ಲು ಕಿರಿಯಿತು.

ಪಾಸಿಂಗ್ ಬಂದಾಗ ಅವನು ಗಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳು ಅವನನ್ನು ನೋಡಲಿಲ್ಲ, ಕಪಾಟು ನೋಡಿದಳು.

“ಕೀಲಿನ ಸರಳು ತಲೆಕೆಳಗಾಗಿ ಹಾಕಿದ್ದೀಯ. ಇಪ್ಪತ್ತಾರು ವರ್ಷದ ಅನುಭವ!”

ಅವಳು ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

“ಆ ಬಾಟಲಿ ಬಾಸ್ಕೆಟ್‌ಬಾಲ್ ಟ್ರೋಫಿಗಳಿಗೆ. ಬೀದಿ ತಂಡದವರು ಬರ್ತಾರೆ, ಅವರಿಗೆ ಅಷ್ಟೇ ಸಾಕು.”

“ಹಾಗಾದ್ರೆ ಬೀಗ ಯಾಕೆ?”

“ಕುಂಚಕ್ಕೆ. ನನ್ನ ತಂಗಿ ಮಗಳು ಅದರಲ್ಲಿ ಹುಬ್ಬು ತೀಡಿಕೊಳ್ತಾಳೆ.” ಅವಳು ಗಾಡಿಯನ್ನು ಎತ್ತಿ ಮೂಸಿದಳು. “ಕಳ್ಳ ಅಂತ ಮಾತ್ರ ಅಂದುಕೊಂಡಿದ್ದೆ. ಪೆದ್ದ ಅಂತ ಗೊತ್ತಿರಲಿಲ್ಲ.”

“ನನ್ನನ್ನ ಕಳ್ಳ ಅಂದುಕೊಂಡಿದ್ರಾ?”

“ನೀನು ನನ್ನನ್ನ ಏನಂದುಕೊಂಡಿದ್ದೆ?”

ಮೊಹೆನ್ ಪಾಲಿಶ್ ಗಟ್ಟಿಯನ್ನು ಚೀಲಕ್ಕೆ ತುರುಕಿದ. ಶುಕ್ರವಾರಕ್ಕೆ ಉಳಿದದ್ದು ಎರಡೂವರೆ ದಿನ. ಪಾಸಿಂಗ್ ಬೂದು ಬಣ್ಣ ಕಲಸಿ ಅವನ ಮುಂದೆ ತಳ್ಳಿದಳು. “ಬಳಿ. ನಾಳೆ ನಡುಮಧ್ಯಾಹ್ನ ಆ ನಿಜವಾದ ಗಾಡಿಯನ್ನ ಇಲ್ಲಿಗೆ ತರಿಸು.”

ಬುಧವಾರ ಡಿಯೊ ಬಂದು ಅವಳ ಮನೆಯೆದುರು ಗಾಡಿ ನಿಲ್ಲಿಸಿ, ಎದುರಿನ ಅಂಗಡಿಗೆ ತಂಪು ಕುಡಿಯಲು ಹೋದ. ಪಾಸಿಂಗ್ ಒಂದು ರಟ್ಟಿನಲ್ಲಿ ಹುಣಸೆ ಬೀಜದಷ್ಟು ತೂತು ಮಾಡಿ ಮೊಹೆನ್ ಕೈಗಿಟ್ಟಳು.

“ಒಂದು ಕಣ್ಣು ಮುಚ್ಚಿ ಇದರೊಳಗಿಂದ ನೋಡು. ಬಾಗಿಲ ಮೇಲುಭಾಗ ಯಾವ ಬಣ್ಣ?”

“ಸ್ಟೀಲು.”

“ಅದು ಹೆಸರು. ಬಣ್ಣ ಕೇಳಿದೆ.”

ಅವನು ಮತ್ತೆ ನೋಡಿದ. ತೂತಿನ ತುಂಬ ನೀಲಿ ಇತ್ತು. ರಟ್ಟನ್ನು ತಿರುಗಿಸಿ ಹಿಂದೆ ಏನಾದರೂ ಅಂಟಿಸಿದ್ದಾಳೋ ಎಂದು ಪರೀಕ್ಷಿಸಿದ. ಏನಿಲ್ಲ. ಕೆಳಗೆ ಸರಿಸಿದ. ನೀಲಿ ತೆಳುವಾಗುತ್ತಾ ಹಾಲಿನಂತಾಯಿತು. ಇನ್ನೂ ಕೆಳಗೆ, ಒಮ್ಮೆಲೇ, ದಾರದಷ್ಟು ಸಣ್ಣ ಕಪ್ಪು ಗೆರೆ. ಅದರ ಕೆಳಗೆ ರಸ್ತೆಯ ಮಣ್ಣು. ಎಲ್ಲೂ ಬೆಳ್ಳಿಯಿರಲಿಲ್ಲ. ಮೂತಿಯ ಬಾಗಿನಲ್ಲಿ ಅಂಗಡಿಯ ಹಸಿರು ಛಾವಣಿ ಕೊಡೆಯ ಹಾಗೆ ಬಗ್ಗಿ ಕೂತಿತ್ತು. ತಾನೇ ಬಡಿದು ಮಾಡಿದ ಬಾಗು. ಇಷ್ಟು ವರ್ಷ ಅದರಲ್ಲಿ ಅವನು ಹುಡುಕಿದ್ದು ತನ್ನ ಸುತ್ತಿಗೆಯ ಗುರುತು ಉಳಿದಿದೆಯಾ ಎಂದು ಮಾತ್ರ.

“ನಾನು ಇದನ್ನ ಹೇಳಿದ್ರೆ ನೀನು ನಂಬ್ತಿರಲಿಲ್ಲ,” ಎಂದಳು ಪಾಸಿಂಗ್.

“ಈಗಲೂ ಪೂರ್ತಿ ನಂಬಿಕೆ ಇಲ್ಲ,” ಎಂದ ಅವನು, ರಟ್ಟನ್ನು ಕಣ್ಣಿನಿಂದ ಇಳಿಸದೆ.

ಆ ದಿನವೂ ಮರುದಿನವೂ ಬರೆದ. ಗೆರೆ ಕಪ್ಪಾಗಿ ಚೂಪಾದಷ್ಟೂ ಗೆರೆಯ ಮೇಲಿನ ಬಿಳುಪು ಹೊಳೆಯತೊಡಗಿತು. ಹೇಗೆಂದು ಅವನಿಗೇ ತಿಳಿಯಲಿಲ್ಲ.

ಶುಕ್ರವಾರ ಏಳಕ್ಕೆ ಗುಜರಿ ಅಂಗಳದ ಸಾಲಿನಲ್ಲಿ ಹದಿನೈದು ಗಾಡಿಗಳಿದ್ದವು. ಡಿಯೊನದು ಮೂರನೆಯದು. ಮೊಹೆನ್ ಪುಟ್ಟ ಗಾಡಿಯನ್ನು ಅವನ ಅಂಗೈ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಡಿಯೊ ಕಣ್ಣು ಕಿರಿದು ಮಾಡಿದ. ತನ್ನ ಗಾಡಿಯತ್ತ ತಿರುಗಿ ಅದರ ಪಕ್ಕದ ಹಾಳೆಗಳನ್ನು ಒಂದೊಂದಾಗಿ ನೋಡಿಕೊಂಡು ಬಂದ.

“ಎಲ್ಲಿಂದ ಕತ್ತರಿಸಿದೆ?”

“ಏನನ್ನ?”

“ನಾಟಕ ಬೇಡ, ಪಾರೆ. ಬುಧವಾರ ನಾನು ತಂಪು ಕುಡಿಯೋಕೆ ಹೋದಾಗ ನನ್ನ ಗಾಡಿಯ ತಗಡು ಬಿಚ್ಚಿಕೊಂಡಿದ್ದೀಯ. ಸೀಟಿನ ಕೆಳಗಿಂದ, ಅಲ್ವಾ? ಗಾಡಿ ಪೂರ್ತಿ ಇರಬೇಕು ಅಂದಿದ್ದಾರೆ ಈ ಅಧಿಕಾರಿಗಳು. ಕಡಿಮೆಯಾದ್ರೆ ನನ್ನನ್ನ ಹಿಡೀತಾರೆ.”

“ಅದು ಮರ ಕಣೋ.”

“ಮರ!” ಡಿಯೊ ಹೆಬ್ಬೆರಳ ಉಗುರನ್ನು ಮೂತಿಯ ಅಂಚಿಗೆ ಒತ್ತಿ ಕೆರೆದ. ಬಣ್ಣ ಸುರುಳಿಯಾಗಿ ಎದ್ದಿತು. ಅಡಿಯಲ್ಲಿ ತಿಳಿಗಂದು ಮರ.

ಡಿಯೊ ಆ ಸುರುಳಿಯನ್ನು ಮತ್ತೆ ಅಂಚಿಗೆ ಒತ್ತಿ ಕೂರಿಸಲು ನೋಡಿದ. ಅವನ ಮುಖ ಕೆಂಪಾಯಿತು. “ಅಯ್ಯೋ ಪಾರೆ. ಅಯ್ಯೋ. ಏನು ಮಾಡಿಬಿಟ್ಟೆ ನಾನು.”

ಜೀವನದಲ್ಲಿ ಯಾರ ಅನುಮಾನವೂ ಮೊಹೆನ್‌ಗೆ ಇಷ್ಟು ಹಿತವೆನಿಸಿರಲಿಲ್ಲ. ಆದರೂ ಅವನು ನಗಲಿಲ್ಲ. ಗಾಡಿಯನ್ನು ತೆಗೆದುಕೊಂಡು, ಅಂಗಿಯ ಜೇಬಿನಿಂದ ಕುಂಚ ತೆಗೆದ. ತಿದ್ದಬೇಕಾದರೆ ಇರಲಿ ಎಂದು ಪಾಸಿಂಗ್ ಕೊಟ್ಟ ಮೂರು ಪುಟ್ಟ ಬಣ್ಣದ ಡಬ್ಬಿಗಳನ್ನು ದೊಡ್ಡ ಗಾಡಿಯ ಮುಂಬದಿಯ ಬಂಪರಿನ ಮೇಲೆ ಸಾಲಾಗಿಟ್ಟು ಪಕ್ಕದಲ್ಲಿ ಕೂತ.

ಸಾಲಿನ ಮುಂದೆ ನಿಂತಿದ್ದ ಅಧಿಕಾರಿ ಡಿಯೊನ ಹೆಸರು ಕೂಗಿದ.

“ಸ್ವಲ್ಪ ತಾಳಿ,” ಎಂದು ಡಿಯೊ ಕೈಯೆತ್ತಿದ. “ಬಣ್ಣದವರು ಕೂತಿದ್ದಾರೆ.”

ಮೊಹೆನ್ ಕತ್ತೆತ್ತಿ ನಿಜವಾದ ಮೂತಿಯ ಅಂಚನ್ನು ನೋಡಿದ. ಬೆಳಗಿನ ಏಳರಲ್ಲಿ ಅದು ನೀಲಿಯಾಗಿರಲಿಲ್ಲ, ಪಪ್ಪಾಯಿಯ ತಿರುಳಿನ ಬಣ್ಣಕ್ಕಿತ್ತು. ಅವನು ಬರೆದದ್ದು ಬುಧವಾರದ ಮಧ್ಯಾಹ್ನದ ಬೆಳಕನ್ನು. ಕಣ್ಣು ಮುಚ್ಚಿ ಆ ಮಧ್ಯಾಹ್ನವನ್ನು ಮತ್ತೆ ತಂದುಕೊಂಡು, ಕುಂಚದ ತುದಿಯನ್ನು ನಾಲಿಗೆಯಿಂದ ಚೂಪು ಮಾಡಿ, ನೀಲಿಯಲ್ಲಿ ಅದ್ದಿದ.