ಗಂಟಲು ಸರಿಯಿಲ್ಲದವರ ಭಜನೆ

ನಾನು ಮದುವೆಯಾಗಿ ಟೇಕಲ್‌ಗೆ ಬಂದ ಹೊಸತರಲ್ಲಿ, ಮನೆಯ ಪೂಜೆಯೊಂದರಲ್ಲಿ ಆರತಿ ಹಾಡು ಯಾರು ಹೇಳುತ್ತೀರಿ ಎಂದು ಯಾರೋ ಕೇಳಿದರು. ನಮ್ಮ ಅತ್ತೆ ನನ್ನ ಕಡೆ ನೋಡಿ, ಬೈರಕೂರಿನ ಹುಡುಗಿಗೆ ಹಾಡೆಲ್ಲಿ ಬಂದೀತು, ಮಾವಿನ ತೋಪಿನಲ್ಲಿ ಗಿಳಿ ಓಡಿಸುವ ಕೂಗು ಬಂದೀತು ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಶ್ರಾವಣದ ಭಜನೆಯಲ್ಲಿ ಇವರ ಎದುರಿಗೇ ಹಾಡಿ ಬಾಯಿ ಮುಚ್ಚಿಸುತ್ತೇನೆ ಎಂದು ಅವತ್ತೇ ತೀರ್ಮಾನ ಮಾಡಿದೆ. ನನ್ನ ತಾಯಿ ಹೇಳಿಕೊಟ್ಟಿದ್ದ, ಆ ಊರಲ್ಲಿ ಯಾರಿಗೂ ಗೊತ್ತಿಲ್ಲದ ತೆಲುಗು ಹಾಡೊಂದನ್ನು ಆಯ್ದುಕೊಂಡು, ರಾಗಿ ಬೀಸುವಾಗ ಕಲ್ಲಿನ ಸದ್ದಿನ ಮರೆಯಲ್ಲಿ ಅಭ್ಯಾಸ ಮಾಡಿದೆ.

ಭಜನೆ ಶನಿವಾರ ಮಧ್ಯಾಹ್ನ, ದೇವಸ್ಥಾನದ ಮಂಟಪದಲ್ಲಿ. ಹೆಂಗಸರದ್ದೇ ಕೂಟ. ಅಲ್ಲಿ ಹಾಡು ಅಂತ ಕರೆದ ಕೂಡಲೇ ಯಾರೂ ಹಾಡಕೂಡದು. ಮೊದಲು ಗಂಟಲು ಸರಿಯಿಲ್ಲ ಅನ್ನಬೇಕು. ಕರೆಯುವವರು ಕೈಗೆ ಕಲ್ಲುಸಕ್ಕರೆ ಇಟ್ಟು ಮತ್ತೆ ಕೇಳಬೇಕು. ಯುದ್ಧದ ಕಾಲ, ಸಕ್ಕರೆ ಸಿಗುವುದೇ ಕಷ್ಟವಾಗಿದ್ದರೂ ಭಜನೆಗೆ ಮಾತ್ರ ಎಲ್ಲಿಂದಲೋ ಬರುತ್ತಿತ್ತು. ಸಕ್ಕರೆ ಕೈಗೆ ಬಂದ ಮೇಲೆ, ನನಗಿಂತ ಚೆನ್ನಾಗಿ ಹಾಡುವವರಿದ್ದಾರೆ ಅನ್ನಬೇಕು. ಕೊನೆಗೆ ಹಿಂದೆ ಕೂತವರು ಬೆನ್ನಿಗೆ ತಿವಿದ ಮೇಲೆ, ನಿಮ್ಮ ಬಲವಂತಕ್ಕೆ ಎಂದು ಗೊಣಗಿ ಶುರುಮಾಡಬೇಕು. ಶುರುವಾದ ಮೇಲೆ ನಿಲ್ಲಿಸುವುದು ದೇವರಿಂದಲೂ ಆಗುತ್ತಿರಲಿಲ್ಲ.

ಯಾವಾಗಲೂ ಕರೆಯುವ ಕೆಲಸ ಮಾಡುತ್ತಿದ್ದ ಪೂಜಾರಿಯ ಹೆಂಡತಿ ಆ ಸಲ ಮಗಳ ಬಾಣಂತನಕ್ಕೆ ಹೋಗಿದ್ದರು. ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಸ್ಟೇಷನ್ ಮಾಸ್ಟರ ಹೆಂಡತಿಗೆ ಮರ್ಯಾದೆಗೆಂದು ಆ ಕೆಲಸ ಒಪ್ಪಿಸಿದರು. ಪಾಪ, ಆಕೆ ಯಾರು ಏನು ಹೇಳಿದರೂ ನಂಬುವ ಹೆಂಗಸು.

ಮೊದಲು ಶಾನುಭೋಗರ ಮನೆಯಾಕೆಯನ್ನು ಕರೆದರು. ಅವರು ಪದ್ಧತಿಯಂತೆ ಗಂಟಲು ಹಿಡಿದುಕೊಂಡರು.

"ಆರಾಮ ಇಲ್ಲಂದ್ರ ಬ್ಯಾಡ ಬಿಡ್ರಿ," ಎಂದು ಈಕೆ ಮುಂದಿನವರ ಕಡೆ ತಿರುಗಿದರು.

ಶಾನುಭೋಗರ ಮನೆಯಾಕೆಯ ಕೈ ಇನ್ನೂ ಗಂಟಲ ಮೇಲೇ ಇತ್ತು. ಮುಂದಿನವರ ಸರದಿಯೂ ಹಾಗೇ ಹೋಯಿತು, ಅವರ ಪಕ್ಕದವರದ್ದೂ. ಇಷ್ಟೆಲ್ಲ ನೋಡಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಆದರೆ ಹೊಸ ಸೊಸೆ ಕೇಳಿದ ಕೂಡಲೇ ಹಾಡಿದರೆ ಊರು ಏನಂದೀತು? ನನ್ನ ಸರದಿ ಬಂದಾಗ ಗಂಟಲು ಸರಿಯಿಲ್ಲ ಅಂದೆ. ಆಕೆ ಕನಿಕರದಿಂದ, ಮೆಣಸಿನ ಕಷಾಯ ಕುಡಿಯಿರಿ ಎಂದು ಹೇಳಿ ದಾಟಿಹೋದರು. ನನಗೆ ಅಳುವೇ ಬಂದುಬಿಟ್ಟಿತು.

ಉಳಿದವರು ನಮ್ಮ ಅತ್ತೆ ಒಬ್ಬರೇ. ಇಡೀ ಊರಿಗೆಲ್ಲ ಹೆಚ್ಚು ಉಪಚಾರ ಮಾಡಿಸಿಕೊಂಡು ಹಾಡುವವರು ಅವರು. ಅವತ್ತು ಕರೆದದ್ದೇ ತಡ, ಒಂದು ಕೆಮ್ಮೂ ಕೆಮ್ಮದೆ ಶುರುಮಾಡಿಬಿಟ್ಟರು. ಮಂಟಪವೆಲ್ಲ ಬೆಪ್ಪಾಯಿತು. ನಾನಂತೂ ಇನ್ನೂ ಬೆಪ್ಪಾದೆ. ಅದು ನನ್ನ ಹಾಡು. ಬೀಸುವ ಕಲ್ಲಿಗೆ ಮಾತ್ರ ಕೇಳಿಸಿದೆ ಎಂದುಕೊಂಡಿದ್ದ ಹಾಡು ಅವರ ಬಾಯಿಂದ ಬರುತ್ತಿತ್ತು. ಪಲ್ಲವಿ ಮುಗಿಸಿ ನಿಲ್ಲಿಸಿದರು.

"ಮುಂದಕ್ಕೆ ಮರೆತೋಯ್ತು. ನಮ್ಮ ಸೊಸೆಗೆ ಬರುತ್ತೆ, ಅವಳನ್ನ ಕೇಳಮ್ಮ."

ಅವರಿಗೆ ಗಂಟಲು ನೋವಂತೆ, ಹೇಗೆ ಕೇಳಲಿ ಎಂದು ಸ್ಟೇಷನ್ ಮಾಸ್ಟರ ಹೆಂಡತಿ ಸಂಕೋಚಪಟ್ಟರು.

"ನೋವೂ ಇಲ್ಲ, ಏನೂ ಇಲ್ಲ," ಎಂದರು ಅತ್ತೆ. "ಗಂಟಲು ಸರಿಯಿಲ್ಲ ಅನ್ನೋದು ನಮ್ಮೂರಲ್ಲಿ ಹಾಡಿನ ಮೊದಲನೇ ಸಾಲು. ಅದನ್ನ ಆಗ್ಲೇ ಹೇಳಿದ್ದಾಳೆ. ಇನ್ನೊಂದ್ಸಲ ಕೇಳು, ಮುಂದಿನದು ಹೇಳ್ತಾಳೆ."

ಆಕೆ ಕಲ್ಲುಸಕ್ಕರೆ ಹಿಡಿದು ಬಂದು ಮತ್ತೆ ಕೇಳಿದರು. ಕ್ರಮದ ಪ್ರಕಾರ ನಾನು ಇನ್ನೊಂದು ಸಲ ಬೇಡ ಅನ್ನಬೇಕಿತ್ತು. ಯಾರಿಗೆ ಬೇಕಿತ್ತು ಆ ಕ್ರಮ? ಸಕ್ಕರೆಗೆ ಕೈ ಚಾಚುವುದನ್ನೂ ಮರೆತು ಹಾಡಿದೆ. ಹಾಡುತ್ತಲೇ, ಬಾಯಿ ಮುಚ್ಚಿಸಬೇಕು ಎಂದುಕೊಂಡಿದ್ದವರ ಕಡೆ ನೋಡಿದೆ. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಾ, ಮರೆತುಹೋಯಿತು ಎಂದ ಸಾಲುಗಳಿಗೆಲ್ಲ ಒಂದನ್ನೂ ಬಿಡದೆ ತುಟಿ ಆಡಿಸುತ್ತಿದ್ದರು.