ಅಕ್ಕನ ಮೂವತ್ತು ಶಬ್ದ

ಲೋಕದಲ್ಲೇ ಇಲ್ಲದ ಜನರಿಗೆ ಭಾಷೆ ಕಟ್ಟಿಕೊಡುವುದು ನನ್ನ ಕೆಲಸ. ಪುಣೆಯ ಯೆರವಡಾದಲ್ಲಿ ಕಂಪ್ಯೂಟರ್ ಆಟಗಳನ್ನು ಮಾಡುವ ಕಂಪನಿಯೊಂದು ಇದಕ್ಕೆ ಸಂಬಳ ಕೊಡುತ್ತದೆ ಎಂದರೆ ಸದಾಶಿವ ಪೇಠದ ನಮ್ಮ ವಾಡೆಯ ವಠಾರದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಕಳೆದ ವರ್ಷ ಒಂದು ಆಟಕ್ಕೆ ಮರಳುಗಾಡಿನ ದಂಡು ಬೇಕಾಗಿತ್ತು. ಬಾವಿಯಿರುವ ಊರುಗಳ ಮೇಲೆ ಬಿದ್ದು, ನೀರು ದೋಚಿ, ಮನೆ ಸುಡುವ ಜನ. ಅವರು ಏನೆಂದು ಕೂಗಬೇಕು ಎಂಬುದನ್ನು ನಾನು ಹೇಳಬೇಕಿತ್ತು.

ಮೂರು ಸಲ ಶಬ್ದಗಳ ಪಟ್ಟಿ ಕೊಟ್ಟೆ. ಮೂರು ಸಲವೂ ತಂಡದ ಮುಖ್ಯಸ್ಥೆ, ಬೆಂಗಳೂರಿನ ಹುಡುಗಿ, ತಿರುಗಿಸಿ ಕಳಿಸಿದಳು. "ಎಲ್ಲಾ ಕರೆಕ್ಟಾಗಿದೆ, ಆದ್ರೆ ಲೈಫ್ ಇಲ್ಲ. ಯಾರೋ ಕೂತ್ಕೊಂಡು ಮಾಡಿದ್ದು ಅಂತ ಗೊತ್ತಾಗತ್ತೆ. ಜನ ಆಡಿ ಆಡಿ ಸವೆದಿರೋ ಥರ ಬೇಕು ನಂಗೆ." ನನಗೆ ಮೈ ಉರಿಯಿತು. ಅವಳ ಮಾತು ನಿಜವಾಗಿತ್ತು, ಅದಕ್ಕೇ ಉರಿದದ್ದು.

ಆಡಿ ಸವೆದ ಮಾತು ನನ್ನ ಮನೆಯಲ್ಲೇ ಇತ್ತು. ಅಕ್ಕನಿಗೆ ಈಗ ನಲವತ್ತು ದಾಟಿದೆ. ಅವಳ ಬುದ್ಧಿ ಮೂರು ವರ್ಷದ ಮಗುವಿನದು. ಕನ್ನಡವೂ ಬರಲಿಲ್ಲ, ಮರಾಠಿಯೂ ಬರಲಿಲ್ಲ. ತನಗೆ ಬೇಕಾದ ಮೂವತ್ತು ಶಬ್ದಗಳನ್ನು ತಾನೇ ಮಾಡಿಕೊಂಡಳು. ನೀರಿಗೆ ಲೊಮ್ಮಾ. ಅವ್ವನಿಗೆ ಇಯಾ. ನೋವಾದರೆ ಎಜ್ಜೂ. ನಮ್ಮ ಮಾತು ಕಲಿಸಿ ಸೋತು, ಕಡೆಗೆ ನಾವೇ ಅವಳದನ್ನು ಕಲಿತೆವು. ಅಪ್ಪ ತೀರಿಕೊಂಡ ಮೇಲೆ ಅದನ್ನು ಆಡುವವರು ಮೂರೇ ಜನ ಉಳಿದೆವು.

ಆ ಮೂವತ್ತನ್ನೂ ದಂಡಿಗೆ ಬರೆದುಕೊಟ್ಟೆ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಕಟ್ಟಿದ ಶಬ್ದ ಭೂಮಿಯ ಮೇಲಿನ ಯಾವ ಭಾಷೆಯಲ್ಲೂ ಇರಬಾರದು, ಯಾರ ಮನಸ್ಸೂ ನೋಯಬಾರದು. ಒಂದೊಂದನ್ನೂ ಹುಡುಕಿ ನೋಡಿದೆ. ಎಲ್ಲೂ ಸಿಗಲಿಲ್ಲ. ಎಲ್ಲಿಂದ ಸಿಗಬೇಕು, ಅಕ್ಕನ ಮಾತಿಗೆ ಯಾರು ನಿಘಂಟು ಬರೆದಿದ್ದರು? ಕಂಪನಿಯ ನಮೂನೆಯಲ್ಲಿ 'ಯಾರಿಗೂ ಸೇರಿದ್ದಲ್ಲ' ಎಂಬ ಕಡೆ ಮೂವತ್ತು ಸಲ ಗುರುತು ಹಾಕಿ, ನನ್ನ ಸ್ವಂತ ರಚನೆ ಎಂದು ಸಹಿ ಮಾಡಿದೆ. "ಸೂಪರ್! ಎಲ್ಲಿತ್ತು ಇದು ಇಷ್ಟು ದಿನ?" ಎಂದಳು ಮುಖ್ಯಸ್ಥೆ. ಆ ದಿನ ನಾನು ಹಿಗ್ಗಿದ್ದೆ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಧ್ವನಿ ಮುದ್ರಣ ಮುಗಿದು ಆಟದ ತುಣುಕೊಂದು ಕೈಗೆ ಬಂತು. ಭಾನುವಾರ ಮಧ್ಯಾಹ್ನ ಊಟದ ಮೇಲೆ ಲ್ಯಾಪ್‌ಟಾಪಿನಲ್ಲಿ ಹಾಕಿದೆ. "ಲೊಮ್ಮಾ! ಲೊಮ್ಮಾ!" ಎಂದು ನೂರಾರು ದನಿಗಳು ಎದ್ದವು.

ಅಡುಗೆಮನೆಯಿಂದ ಅಕ್ಕ ಓಡಿ ಬಂದಳು. ಕೈಯಲ್ಲಿ ತುಂಬಿದ ತಂಬಿಗೆ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತನ್ನ ಮಾತು ಬಲ್ಲ ಜನ ಇಷ್ಟೊಂದು ಇದ್ದಾರೆ, ಬಾಯಾರಿ ಬಂದಿದ್ದಾರೆ! ತಂಬಿಗೆಯನ್ನು ಪರದೆಗೆ ಹಿಡಿದಳು. ಆಗ ಅಲ್ಲಿ ಮನೆಗಳು ಹೊತ್ತಿಕೊಂಡವು, ಹೆಂಗಸೊಬ್ಬಳು ಬಿದ್ದಳು, ಅವಳನ್ನು ತುಳಿದುಕೊಂಡು ಬಂದವರು ಮತ್ತೆ ಅದನ್ನೇ ಕೂಗಿದರು. ಅಕ್ಕ ತಂಬಿಗೆ ಬಿಟ್ಟು ಕಿವಿ ಮುಚ್ಚಿಕೊಂಡಳು.

"ಏನಾತೊ ತಮ್ಮಾ? ಯಾಕ ಹಿಂಗ ನಡಗಾಕತ್ತಾಳ?" ಎಂದು ಅವ್ವ ಬಂದಳು.

"ಹೊಡದಾಟ ನೋಡಿ ಅಂಜ್ಯಾಳ, ಬಿಡವ್ವಾ," ಎಂದೆ.

ಅವತ್ತಿನಿಂದ ಅಕ್ಕ ಬಾಯಿ ಬಿಡಲಿಲ್ಲ. ಬಾಯಾರಿದರೆ ನೀರಿನ ಕೊಡದ ಪಕ್ಕ ಸುಮ್ಮನೆ ನಿಲ್ಲುವಳು. "ಲೊಮ್ಮಾ ಬೇಕಾ ಅಕ್ಕಾ?" ಎಂದು ನಾನೇ ಕೇಳಿದೆ. ಅವಳು ತನ್ನ ಅಂಗೈಯಿಂದ ನನ್ನ ಬಾಯಿ ಒತ್ತಿ ಹಿಡಿದಳು. ಅವಳಿಗೆ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

"ಯಾರ ಕಣ್ಣು ಬಿತ್ತೊ ಏನೋ," ಎಂದು ಅವ್ವ ದಿನಾ ದೃಷ್ಟಿ ತೆಗೆದಳು.

ನಾನು ಮುಖ್ಯಸ್ಥೆಯ ಕಾಲು ಹಿಡಿಯುವುದೊಂದು ಬಾಕಿ. ಬೇರೆ ಶಬ್ದ ಕೊಡುತ್ತೇನೆ, ಎರಡೇ ದಿನ ಸಾಕು ಎಂದೆ. ಕೊನೆಗೆ ನಿಜವನ್ನೂ ಹೇಳಿದೆ. "ಮೊದಲೇ ಹೇಳ್ಬೇಕಿತ್ತು ಅಲ್ವಾ ನೀವು? ವಾಯ್ಸ್ ಎಲ್ಲಾ ಫೈನಲ್ ಆಗ್ಹೋಗಿದೆ. ಈಗ ಅದು ಕಂಪನಿದು. ಸಾರಿ," ಎಂದಳು. ಅವಳ ಮೇಲೆ ಕೂಗಾಡಲೂ ನನಗೆ ಮುಖವಿರಲಿಲ್ಲ. ವಾಪಸ್ ಬರುವಾಗ ರಿಕ್ಷಾದಲ್ಲಿ ಅತ್ತೆ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೊಡದ ಪಕ್ಕ ನಿಂತಿದ್ದ ಅಕ್ಕ, ಒಂದೊಂದೇ ಅಕ್ಷರ ಹೊರಗೆ ತಳ್ಳಿದಂತೆ, "ನೀ-ರು" ಎಂದಳು.

ಅವ್ವನ ಕೈಯಲ್ಲಿನ ಹಿಟ್ಟು ಬಿತ್ತು. "ಕೇಳಿದೇನೊ? ನೀರು ಅಂದ್ಲೊ! ನಲವತ್ತು ವರ್ಷಕ್ಕ ನನ್ನ ಮಗಳು ಮಾತು ಕಲತ್ಲೊ!" ಎನ್ನುತ್ತ ಸಕ್ಕರೆ ಡಬ್ಬಿ ಹಿಡಿದು ಪಕ್ಕದ ಮನೆಗೆ ಓಡಿದಳು. ಅಲ್ಲಿ ಅವಳು ಮರಾಠಿಯಲ್ಲಿ ನಗುತ್ತ ಅಳುತ್ತ ಸುದ್ದಿ ಹೇಳುವುದು ಕೇಳುತ್ತಿತ್ತು.

ನಾನು ಲೋಟ ತುಂಬಿ ಕೊಟ್ಟೆ. ಅಕ್ಕ ಕುಡಿದಳು. ಹೋಟೆಲಿನ ಮಾಣಿಗೆ ಕೊಡುವ ಹಾಗೆ, ನನ್ನ ಮುಖ ನೋಡದೆ, ಲೋಟ ವಾಪಸ್ ಕೊಟ್ಟಳು.