ಕಟ್ಟೆ ಬಿಟ್ಟೆದ್ದ ಮಂದಿ

ನಮ್ಮ ಡಿಪೊದಲ್ಲಿ ಈಗ ಓಡಾಡುತ್ತಿರುವ ಕಥೆ ಹೀಗಿದೆ: ಕಂಡಕ್ಟರ್ ಹುಡುಗಿಯೊಬ್ಬಳು ಮ್ಯಾನೇಜರ್ ಮುಂದೆ ನಿಂತು ವಾದ ಮಾಡಿ, ಗಂಡಸರೇ ಮಾಡುತ್ತಿದ್ದ ವಸ್ತಿ ಡ್ಯೂಟಿಯನ್ನು ಗೆದ್ದಳು. ಅವಳ ಜೋಡಿ ಹೋಗುತ್ತಿದ್ದ ಹಿರಿಯ ಡ್ರೈವರ್ ಮಾತ್ರ ಹೆಂಡತಿಯ ಕಾಟ ತಾಳಲಾರದೆ ಲೈನ್ ಬಿಡುತ್ತಿದ್ದಾನೆ. ಕೇಳಲು ಚೆನ್ನಾಗಿದೆ. ಮೊದಲರ್ಧದಲ್ಲಿ ನಾನು ನಾಯಕಿ, ಉಳಿದರ್ಧದಲ್ಲಿ ಆ ಡ್ರೈವರನ ಹೆಂಡತಿ ಖಳನಾಯಕಿ. ಎರಡನ್ನೂ ನಾನು ಒಪ್ಪುವುದಿಲ್ಲ.

ವಾದ ನಡೆದೇ ಇಲ್ಲ. ಕಂಡಕ್ಟರ್‌ಗಳು ಕಡಿಮೆ ಬಿದ್ದಿದ್ದರು. ಡ್ಯೂಟಿ ಹಾಕುವ ಗುಮಾಸ್ತರು ತಲೆ ಕೆರೆದುಕೊಳ್ಳುತ್ತ, "ವಸ್ತಿಗೆ ಯಾರರ ಹೊಂಟೀರೇನ್ರಪಾ?" ಎಂದು ಗಾಳಿಗೆ ಕೇಳಿದರು. ನಾನು ಕೈ ಎತ್ತಿದೆ. ಅಷ್ಟೇ. ಇನ್ನು ಡ್ರೈವರ್ ಕಾಕಾನ ಹೆಂಡತಿ ನನಗೆ ಬೇರೆ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದವರು. ಚಟ್ನಿ ಕಳಿಸಿದವರು ಜಗಳ ಮಾಡುವುದಿಲ್ಲ ಎಂದೇನೂ ಇಲ್ಲ, ಅದು ನನಗೂ ಗೊತ್ತು. ಆದರೆ ಜಗಳ ಆಗಿದ್ದನ್ನು ಕಂಡವರು ಯಾರು ಎಂದು ಕೇಳಿದರೆ ಡಿಪೊದಲ್ಲಿ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಗೊತ್ತಿಲ್ಲದವರಿಗೆ ಹೇಳಬೇಕು. ಸಂಜೆಯ ಕೊನೆಯ ಬಸ್ಸು ಯಾವುದೋ ಹಳ್ಳಿ ಮುಟ್ಟಿ ಅಲ್ಲೇ ನಿಂತು, ಬೆಳಗಾದರೆ ಅದೇ ಊರಿನ ಮೊದಲ ಬಸ್ಸಾಗಿ ಹೊರಡುತ್ತದೆ. ಅದು ವಸ್ತಿ ಗಾಡಿ. ಡ್ರೈವರ್, ಕಂಡಕ್ಟರ್ ಇಬ್ಬರೂ ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಎಲ್ಲಿ ಮಲಗಬೇಕು ಅನ್ನುವುದನ್ನು ಊರು ಮತ್ತು ಹಣೆಬರಹ ಸೇರಿ ತೀರ್ಮಾನಿಸುತ್ತವೆ. ನಮ್ಮ ರೆಸ್ಟ್ ರೂಮಿನಲ್ಲಿ ಇದರಷ್ಟು ಬಿಸಿಯಾದ ಚರ್ಚೆ ಬೇರೊಂದಿಲ್ಲ.

"ಝಳಕಿ ಕಡೆ ವಸ್ತಿ ಬ್ಯಾಡೋ ಯಪ್ಪಾ, ರಾತ್ರಿಯೆಲ್ಲಾ ಲಾರಿ ಎದಿ ಮ್ಯಾಲೆ ಹೋದಂಗ ಆಕ್ಕೈತಿ."

"ಯಾವಾಗ ಎದ್ರೂ ಚಾ ಸಿಗತೈತಲ್ಲೋ, ಮತ್ತೇನ್ ಬೇಕ?"

"ಗೊಳಸಂಗಿ ಕಡೆ ನಾ ಹೋಗೋ ಊರಾಗ ಸಾಲಿ ಪಡಸಾಲಿ ಐತಿ ನೋಡ್ರಿ, ಏನ್ ಗಾಳಿ ಅಂತೀರಿ!"

"ಗಾಳಿ ಐತಿ, ಖರೆ. ನಾಯಿನೂ ಅದಾವ."

ಒಮ್ಮೆ ಒಬ್ಬ ಎಲ್ಲೋ ಕೇಳಿ ಬಂದಿದ್ದ. "ವಿಮಾನದಾಗ ಕೆಲಸಾ ಮಾಡೋ ಮಂದಿಗೆ ಕಂಪನೀನ ದೊಡ್ಡ ಹೋಟೆಲ್ ಕೊಡತೈತಂತ. ಅದಕ್ಕೂ ಅವ್ರು ಖೋಲಿ ಛಲೋ ಇಲ್ಲ, ನಾಷ್ಟಾ ಛಲೋ ಇಲ್ಲ ಅಂತ ತಕರಾರ್ ಮಾಡ್ತಾರಂತ."

"ಮಾಡ್ಲಿ ಬಿಡೋ. ನೀ ಬೇವಿನ ಗಿಡದ ನೆಳ್ಳ ಸಣ್ಣದೈತಿ ಅಂತ ತಕರಾರ್ ಮಾಡೂದಿಲ್ಲೇನು?"

ನಾನು ವಸ್ತಿ ಕೇಳಿದ್ದು ಹೆಣ್ಣುಮಕ್ಕಳ ಹಕ್ಕಿಗಾಗಿ ಎಂದು ಜನ ತಿಳಿದಿದ್ದಾರೆ. ಮುದ್ದೇಬಿಹಾಳದ ಮನೆಯ ಟ್ರಂಕಿನಲ್ಲಿ ನನ್ನ ಚರ್ಚಾಸ್ಪರ್ಧೆಯ ಕಪ್ಪುಗಳಿವೆ, ಮಾತು ಸ್ವಲ್ಪ ಚೂಪು, ಆದ್ದರಿಂದ ಹಾಗೆ ತಿಳಿಯುವುದು ಸುಲಭ. ನಿಜ ಇಷ್ಟೇ: ನನಗೆ ನಿದ್ದೆ ಬೇಕಿತ್ತು. ಹಗಲು ಲೈನಿನಲ್ಲಿ ಕತ್ತಲಲ್ಲಿ ಎದ್ದು ಕತ್ತಲಲ್ಲಿ ರೂಮಿಗೆ ಬರುತ್ತಿದ್ದೆ. ಹೆಂಗಸರ ಫ್ರೀ ಟಿಕೆಟ್ ಬಂದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. "ಆಧಾರ್ ತೋರಸ್ರಿ" ಎಂದು ಕೂಗಿ ಕೂಗಿ ಕನಸಿನಲ್ಲೂ ಅದನ್ನೇ ಕೂಗುತ್ತಿದ್ದೆನಂತೆ, ರೂಮಿನ ಗೆಳತಿ ಹೇಳಿದಳು. ವಸ್ತಿಯಾದರೆ ಬೆಳಿಗ್ಗೆ ಗಾಡಿ ತಂದು ಡಿಪೊಕ್ಕೆ ಒಪ್ಪಿಸಿದ ಮೇಲೆ ಉಳಿದ ದಿನ ನನ್ನದು.

ಆದರೆ ನಮ್ಮಲ್ಲಿ ಒಂದು ರೂಢಿಯಿದೆ. ವಸ್ತಿಗೆ ಜೋಡಿ ತಾವಾಗಿ ಒಪ್ಪಬೇಕು. ಒಂದೇ ಊರಿನಲ್ಲಿ ಉಂಡು ಮಲಗುವವರನ್ನು ಒತ್ತಾಯದಿಂದ ಜೋಡಿಸಿದರೆ ಗಾಡಿ ಓಡುವುದಿಲ್ಲ ಎಂದು ಗುಮಾಸ್ತರೇ ಹೇಳುತ್ತಾರೆ. ಹುಡುಗ ಡ್ರೈವರ್‌ಗಳು ನನ್ನ ಜೊತೆ ಬರಲು ಒಪ್ಪಲಿಲ್ಲ. "ಬ್ಯಾಡ್ರಿ ಮೇಡಮ್, ನಾಳೆ ಮಂದಿ ಏನರ ಅಂದ್ರ ನನಗ ತ್ರಾಸು." ನಿವೃತ್ತಿಗೆ ಹತ್ತಿರ ಬಂದಿದ್ದ ಈ ಕಾಕಾ ಒಬ್ಬರೇ ತಲೆ ಎತ್ತಿ ನೋಡಿ, "ಸೀಟಿ ಹೊತ್ತಿಗೆ ಸರಿಯಾಗಿ ಊದ್ತಿ ಇಲ್ಲ? ಸಾಕು, ನಡಿ" ಎಂದರು. ಅವರು ಹೋದರೆ ನನ್ನ ವಸ್ತಿಯೂ ಹೋಯಿತು. ಇದು ಮೊದಲ ದಿನದಿಂದ ಇಬ್ಬರಿಗೂ ಗೊತ್ತಿತ್ತು.

ಮೊದಲ ದಿನ ಮಧ್ಯಾಹ್ನ ನಮ್ಮ ಡಿಪೊ ಇರುವ ಬಸವನ ಬಾಗೇವಾಡಿಯಿಂದ ಸಿಂದಗಿ, ಅಲ್ಲಿಂದ ಇಂಡಿಗೆ ಒಂದು ಸುತ್ತು, ಮರಳಿ ಸಿಂದಗಿ, ಸಂಜೆ ಆಲಮೇಲ ದಾಟಿ ಭೀಮಾ ದಂಡೆಯ ಒಂದು ಊರು. ದಾರಿಯುದ್ದಕ್ಕೂ ಕಾಕಾ ಮಾತಾಡಿದ್ದು ರಸ್ತೆಯ ಉಬ್ಬುಗಳ ಜೊತೆ, ಅದೂ ಬೈಗುಳದಲ್ಲಿ. ಆಲಮೇಲದಲ್ಲಿ ಗಾಡಿ ನಿಂತಾಗ ನಾನೇ ಕೇಳಿದೆ.

"ಕಾಕಾ, ಎಲ್ಲಾರೂ ಸೊಳ್ಳಿ ಊರು ಅಂತ ಬಿಟ್ಟ ವಸ್ತಿ ಇದು. ನೀವ್ಯಾಕ ಇದನ್ನ ಹಿಡದೀರಿ?"

"ಕಟ್ಟಿ ಐತಿ."

"ಕಟ್ಟಿ ಎಲ್ಲಾ ಊರಾಗೂ ಇರತೈತಲ್ರಿ."

"ನೀ ಯಾಕ ಬಂದಿ, ಅದನ್ನ ಹೇಳು."

"ನನಗ ನಿದ್ದಿ ಬೇಕಾಗೇತ್ರಿ ಕಾಕಾ, ಬ್ಯಾರೆ ಏನೂ ಇಲ್ಲ."

ಅವರು ಹಾರ್ನ್ ಒತ್ತಿ, ಕೆಳಗಿಳಿದಿದ್ದ ಮಂದಿಯನ್ನು ಕರೆದರು.

ಊರು ಮುಟ್ಟಿದ ಮೇಲೆ ಕಟ್ಟೆ ಅಂದರೇನು ಎಂದು ಕಂಡೆ. ಬಸ್ಸು ನಿಲ್ಲುವಲ್ಲೇ ಬೇವಿನ ಮರ, ಸುತ್ತ ಕಲ್ಲು ಕಟ್ಟೆ. ಹತ್ತು ಹದಿನೈದು ಮಂದಿ ಬಸ್ಸಿನ ದಾರಿ ಕಾಯುತ್ತ ಕೂತಿದ್ದರು. ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ. ನಡುವೆ ಮಡಚಿದ ಗೋಣಿಚೀಲ ಹಾಸಿದ್ದರು, ಅದು ಕಾಕಾನ ಜಾಗ. ಅವರು ಕೂತದ್ದೇ ತಡ, ಬೇರೆ ಮನುಷ್ಯರಾದರು. ಸಿಂದಗಿ ಬಜಾರದಲ್ಲಿ ತೊಗರಿ ಹೇಗೆ ಹೋಯಿತು, ಇಂಡಿಯಲ್ಲಿ ಯಾರ ಮದುವೆ ಯಾಕೆ ಮುರಿಯಿತು, ಎಲ್ಲವೂ ಕೈ ಬೀಸಿ, ದನಿ ಬದಲಿಸಿ. ನಾನು ಬಸ್ಸಿನೊಳಗೆ ಟಿಕೆಟ್ ಮಷಿನ್ ಮುಚ್ಚುತ್ತ ಕಿಟಕಿಯಿಂದ ಕೇಳುತ್ತಿದ್ದೆ.

"ಏ ಡ್ರೈವರ್ ಸಾಹೇಬ, ಹೊಸಾ ಕಂಡಕ್ಟರ್ ಬಾಯಾರು ಬಂದಾರ, ಮಾತು ಸ್ವಲ್ಪ ಹಗೂರ ಬಿಡು."

"ಬ್ರೇಕು ಗಾಡಿಗಷ್ಟ ಐತಿ, ನನ್ನ ಬಾಯಿಗಿಲ್ಲ."

ಮರದ ಎದುರೇ ನನಗೆ ಮನೆ ಗೊತ್ತು ಮಾಡಿದ್ದರು. ವಯಸ್ಸಾದ ಒಬ್ಬ ಆಯಿ, ಅವರ ಮಗ. ಒಳಗಿನ ಖೋಲಿ, ಮಂಚ, ಫ್ಯಾನು, ಕಟ್ಟೆಯ ಕಡೆಗೆ ಒಂದು ಕಿಟಕಿ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಉಂಡು ಬಿದ್ದವಳಿಗೆ ಹೊರಗಿನ ನಗೆ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಏನೂ ಇಲ್ಲ. ಬೆಳಿಗ್ಗೆ ಆಯಿ ಅಲುಗಾಡಿಸಿ ಎಬ್ಬಿಸಬೇಕಾಯಿತು.

ಮರುಪಾಳಿಯಲ್ಲಿ ಹೋದಾಗ ಕಟ್ಟೆ ಖಾಲಿ.

ಎಲ್ಲೋ ಸಾವು ಆಗಿರಬೇಕು ಎಂದುಕೊಂಡೆ. ಅದರ ಮುಂದಿನ ಸಲವೂ ಖಾಲಿ. ಗೋಣಿಚೀಲ ಮಾತ್ರ ಮಡಚಿಟ್ಟ ಹಾಗೇ ಇತ್ತು. ಮಂದಿಯೆಲ್ಲ ಊರಿನ ಆ ತುದಿಯಲ್ಲಿ, ಹಿಟ್ಟಿನ ಗಿರಣಿಯ ಜಗಲಿಗೆ ಹೋಗಿ ಕೂರುತ್ತಿದ್ದಾರೆ ಎಂದು ಆಯಿಯ ಮಗ ಹೇಳಿದ. ಕಾಕಾ ಅಲ್ಲಿಗೆ ಹೋಗುವಂತಿಲ್ಲ. ಡೀಸೆಲ್ ತುಂಬಿದ ಗಾಡಿ ಬಿಟ್ಟು ಡ್ರೈವರ್ ಅಷ್ಟು ದೂರ ಹೋಗಬಾರದು. ಮೊದಲೆಲ್ಲ ಡ್ರೈವರ್, ಕಂಡಕ್ಟರ್ ಇಬ್ಬರ ಊಟವೂ ಮನೆಮನೆಯ ಪಾಳಿಯಂತೆ ಕಟ್ಟೆಗೇ ಬರುತ್ತಿತ್ತಂತೆ, ಎಲ್ಲರ ನಡುವೆ ಕೂತು ಉಣ್ಣುವುದು. ಈಗ ನನ್ನದು ಒಳಗೆ ತಾಟಿನಲ್ಲಿ, ಅವರದು ಹೊರಗೆ ಡಬ್ಬಿಯಲ್ಲಿ.

ನಾನು ಗಿರಣಿಗೆ ನಡೆದೆ. ವಾದ ನನ್ನ ಕಸುಬು, ಇದು ಸುಲಭದ ವಾದ ಎಂದುಕೊಂಡಿದ್ದೆ. ನನ್ನನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು. ಎದ್ದು ನಿಂತವರ ಜೊತೆ ವಾದ ಮಾಡುವುದು ಎಷ್ಟು ಕಷ್ಟ ಎಂದು ಯಾವ ಸ್ಪರ್ಧೆಯಲ್ಲೂ ನನಗೆ ಕಲಿಸಿರಲಿಲ್ಲ.

"ನಾ ನಿಮಗ ಏನರ ಅಂದೇನೇನ್ರಿ?"

"ಶಿವಾ ಶಿವಾ, ಇಲ್ರಿ ಬಾಯಾರ."

"ಮತ್ತ ಕಟ್ಟಿ ಯಾಕ ಬಿಟ್ರಿ?"

"ಇಲ್ಲಿ ಗಾಳಿ ಛಲೋ ಬರತೈತ್ರಿ."

"ಇಲ್ಲಿ ಬರೂದು ಜೋಳದ ಹಿಟ್ಟು. ನಿಮ್ಮ ಮೀಸಿ ನೋಡ್ಕೊಳ್ರಿ, ಬೆಳ್ಳಗಾಗ್ಯಾವ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವರಲ್ಲಿ ಹಿರಿಯರಾದ ಒಬ್ಬ ಮುತ್ಯಾ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು. "ನೋಡವ್ವಾ, ನೀ ದುಡದು ದಣದು ಬಂದಿರ್ತಿ. ನಾವು ಬಾಯಿಗೆ ಬಂದಂಗ ಮಾತಾಡೋ ಗಂಡಸ್ರು. ನಿನ್ನ ಕಿಟಕಿ ಅಲ್ಲೇ ಐತಿ."

"ಮಾತಾಡ್ರಿ. ಬಸ್ಸಿನಾಗ ದಿನಾ ಇದಕ್ಕಿಂತ ಛಂದ ಬೈಗಳಾ ಕೇಳ್ತೇನಿ."

"ಅದು ಬಸ್ಸು, ಇದು ನಮ್ಮೂರು," ಎಂದರು ಮುತ್ಯಾ.

ನಾನು ಬಂದ ದಾರಿಯಲ್ಲೇ ಮರಳಿದೆ. ಅವಮಾನ ಮಾಡಿದವರನ್ನು ಮಾತಿನಿಂದ ಕಟ್ಟಿ ಹಾಕಬಹುದು, ಮರ್ಯಾದೆ ಕೊಟ್ಟವರನ್ನು ಏನು ಮಾಡುವುದು?

ಆಮೇಲೆ ಕೆಲವು ದಿನ ಉಂಡಾದ ಮೇಲೆ ನಾನೇ ಕಟ್ಟೆಗೆ ಬಂದು ಕೂತೆ. ಕಾಕಾ ಮೊಬೈಲ್ ನೋಡುತ್ತ, ಸೊಳ್ಳೆ ಹೊಡೆದುಕೊಳ್ಳುತ್ತ ಇರುತ್ತಿದ್ದರು.

"ತೊಗರಿ ಹೆಂಗೈತ್ರಿ ಕಾಕಾ ಸಿಂದಗಿಯಾಗ?"

"ನಿನಗ ತೊಗರಿ ಬಗ್ಗೆ ಏನ್ ಗೊತ್ತೈತಿ?"

"ಗೊತ್ತಿಲ್ಲ. ಅದಕ್ಕ ಹೇಳ್ರಿ ಅಂದೆ."

"ಗೊತ್ತಿಲ್ದವ್ರಿಗೆ ಹೇಳಿದ್ರ ಅದು ಸಾಲಿ ಪಾಠ ಆಕ್ಕೈತಿ, ಹರಟಿ ಆಗೂದಿಲ್ಲ. ಹೋಗಿ ಮಲಕೋ ಹೋಗು."

ನಾನು ಹೋಗಿ ಮಲಗುತ್ತಿದ್ದೆ. ನಾಚಿಕೆಯಿಲ್ಲದ ನಿದ್ದೆ ಬರುತ್ತಿತ್ತು. ಬೆಳಿಗ್ಗೆ ಅವರ ಕಣ್ಣು ಕೆಂಪಾಗಿರುತ್ತಿತ್ತು. ಬರಬರುತ್ತ ಉಬ್ಬುಗಳನ್ನು ಬೈಯುವುದನ್ನೂ ಬಿಟ್ಟರು. ಒಂದು ದಿನ ಗುಮಾಸ್ತರು ನನ್ನನ್ನು ಕರೆದು, ಬರುವ ತಿಂಗಳಿಂದ ಕಾಕಾ ಬಾಗೇವಾಡಿ–ಮುದ್ದೇಬಿಹಾಳ ಹಗಲು ಲೈನ್ ಕೇಳಿದ್ದಾರೆ, ನಿನಗೆ ಬೇರೆ ಜೋಡಿ ಸಿಕ್ಕರೆ ನೋಡು, ಇಲ್ಲದಿದ್ದರೆ ನೀನೂ ಹಗಲಿಗೆ ಬಾ ಎಂದರು. ಕಾಕಾ ನನಗೆ ಒಂದು ಮಾತೂ ಹೇಳಿರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಭಾಷಣ ತಯಾರು ಮಾಡಿಕೊಂಡೆ. ಜೋಡಿ ಅಂದಮೇಲೆ ಇಬ್ಬರದೂ ಮಾತಿರಬೇಕು, ಕಟ್ಟೆ ಖಾಲಿಯಾದದ್ದು ನನ್ನ ತಪ್ಪಲ್ಲ, ಊರಿನವರ ಮರ್ಯಾದೆಗೆ ನಾನು ಯಾಕೆ ದಂಡ ತೆರಬೇಕು, ಹೀಗೆ. ಗಟ್ಟಿಯಾದ ಭಾಷಣ. ಅದನ್ನು ಆಯಿಯ ಅಡುಗೆಮನೆಯಲ್ಲೇ ಬಿಟ್ಟು ಬರಬೇಕಾಯಿತು.

ಆಯಿ ಹಂಚಿನ ಮೇಲೆ ರೊಟ್ಟಿ ತಿರುವುತ್ತ ಅಂದರು: "ನಿಮ್ಮ ಡ್ರೈವರ ಭಾಳ ಛಲೋ ಮನಷಾ ನೋಡವ್ವಾ. ನೀ ಬಂದ ಮೊದಲನೇ ದಿನಾನ ಗಂಡಸ್ರಿಗೆಲ್ಲಾ ಹೇಳಿದ್ನಂತ. ಹುಡುಗಿ ನಿದ್ದಿಗೆಟ್ಟು ಬಂದಾಳ, ನಾಳಿಂದ ಇಲ್ಲಿ ಕುಂದ್ರಬ್ಯಾಡ್ರಿ ಅಂತ."

ನಾನು ತಾಟು ಬದಿಗೆ ಸರಿಸಿದೆ. "ನೀವು ಕೇಳಿದ್ರೇನು ಆಯಿ?"

"ನಾ ಎಲ್ಲಿ ಕೇಳ್ಲಿ? ಮಗ ಅಂದ."

ಮಗನನ್ನು ಕೇಳಿದೆ. "ಗಿರಣಿಯಾಗ ಯಾರೋ ಅಂತಿದ್ರುರಿ ಅಕ್ಕಾರ."

ಕೇಳಿದವರಿಂದ ಕೇಳಿದ ಮಾತು. ಚರ್ಚೆಯಲ್ಲಿ ಇದನ್ನು ಎದುರಾಳಿ ಎತ್ತಿದ್ದರೆ ಒಂದೇ ನಿಮಿಷದಲ್ಲಿ ತೆಗೆದುಹಾಕುತ್ತಿದ್ದೆ. ಆದರೆ ನಿದ್ದೆಯ ಮಾತನ್ನು ಆಲಮೇಲದಲ್ಲಿ ನಾನು ಕಾಕಾನಿಗೆ ಬಿಟ್ಟು ಇನ್ಯಾರಿಗೂ ಹೇಳಿರಲಿಲ್ಲ. ಗಿರಣಿಯ ಮಂದಿಗೆ ಅದು ಹೇಗೆ ಗೊತ್ತಾಯಿತು? ದಣಿದ ಮುಖ ನೋಡಿ ಮುತ್ಯಾ ಊಹಿಸಿರಬಹುದು. ಊಹಿಸಲು ನನ್ನ ಮುಖ ಸಾಕು.

ಮಾತು ಸುಳ್ಳಾದರೆ ಮಾಡುವುದೇನೂ ಇಲ್ಲ, ಅವರು ಹಗಲು ಲೈನಿಗೆ, ನಾನು ಆಧಾರ್ ಕೂಗಲಿಕ್ಕೆ. ನಿಜವಾದರೆ, ತಮಗೆ ಈ ಊರಿನಲ್ಲಿ ಇದ್ದ ಒಂದೇ ಸುಖವನ್ನು ಅವರೇ ಎಬ್ಬಿಸಿ ಕಳಿಸಿ, ಆಮೇಲೆ ಅದಿಲ್ಲದೆ ಇರಲಾರದೆ ಹೊರಟಿದ್ದಾರೆ. ಹಾಗಿದ್ದರೆ ದಾರಿಯೂ ಇದೆ. ಹೇಳಿದವರೇ ಆ ಮಾತನ್ನು ಹಿಂದೆ ತೆಗೆದುಕೊಂಡರೆ ಮಂದಿ ನಾಳೆಯೇ ಕಟ್ಟೆಗೆ ಬರುತ್ತಾರೆ. ನನ್ನ ನಿದ್ದೆ ನಗೆಗೆ ಹೆದರುವ ಜಾತಿಯದಲ್ಲ. ಮೊದಲ ದಿನ ಅದೇ ನಗೆಯ ನಡುವೆ ನಾನು ಸತ್ತಂತೆ ಮಲಗಿದ್ದೆ. ಅದನ್ನು ಅವರಿಗೆ ಹೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಗೆ ಹೇಳುವುದು?

ಬೆಳಿಗ್ಗೆ ಹಾಲಿನ ಕ್ಯಾನಿನವರು, ಆಲಮೇಲದ ಕಾಲೇಜಿಗೆ ಹೋಗುವ ಹುಡುಗಿಯರು ಹತ್ತಿ ಕೂತಿದ್ದರು. ಕಾಕಾ ಮುಂದಿನ ಗಾಜು ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ನಾನು ಅವರ ಬಾಗಿಲಿನ ಕೆಳಗೆ ನಿಂತು ಕೇಳಿದೆ. ಅವರು ಬಟ್ಟೆ ಹಿಂಡಿ, ಹತ್ತಿ ಕೂತು, ಇಂಜಿನ್ ಚಾಲೂ ಮಾಡಿದರು. "ಸೀಟಿ ಊದವ್ವಾ, ಹೊತ್ತಾತು." ನಾನು ಊದಲಿಲ್ಲ. ಹಿಂದಿನ ಸೀಟಿನಿಂದ ಯಾರೋ, "ಏನ್ರಿ ಕಂಡಕ್ಟರ್ ಬಾಯಾರ, ನಿದ್ದಿಗಣ್ಣಾಗ ಅದೀರೇನು?" ಎಂದು ಕೂಗಿದರು. ಇಂಜಿನ್ನಿನ ಸದ್ದಿನ ಮೇಲೆ ದನಿ ಏರಿಸಿ ಮತ್ತೊಮ್ಮೆ ಕೇಳಿದೆ:

"ಕಾಕಾ, ನನ್ನ ಕಡೆ ನೋಡಿ ಹೇಳ್ರಿ, ಕಟ್ಟಿ ಮ್ಯಾಲಿಂದ ಏಳ್ರಿ ಅಂತ ಆ ಮಂದಿಗೆ ಹೇಳಿದವ್ರು ನೀವೇ ಏನ್ರಿ?"